5 ಎಂಬಿ ಫೋಟೊ 200 ಕೆಬಿಗೆ: ವೆಬ್‌ಗೆ ಚಿತ್ರ ಸಿದ್ಧಪಡಿಸುವ ಕ್ರಮ

‘ಫೋಟೊ ಅಪ್‌ಲೋಡ್ ಆಗ್ತಿಲ್ಲ, ಸೈಜ್ ಜಾಸ್ತಿ ಅಂತ ತೋರಿಸ್ತಿದೆ.’ ‘ಕಂಪ್ರೆಸ್ ಮಾಡಿದೆ, ಆದ್ರೆ ಮುಖ ಎಲ್ಲ ಕಲೆಕಲೆ ಆಯ್ತು.’ ‘ನನ್ನ ಬ್ಲಾಗ್ ತೆರೆಯೋಕೆ ತುಂಬಾ ಹೊತ್ತು ಹಿಡಿಯುತ್ತೆ.’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ನೋಡಲು ಬೇರೆಬೇರೆ, ಬೇರು ಮಾತ್ರ ಒಂದೇ. ‘ಸೈಜ್’ ಎನ್ನುವ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಕಲಸಿಬಿಟ್ಟಿದ್ದೇವೆ.

ಮೊದಲನೆಯದು ಚಿತ್ರದ ಅಳತೆ, ಅಂದರೆ ಅಗಲಕ್ಕೆಷ್ಟು, ಎತ್ತರಕ್ಕೆಷ್ಟು ಪಿಕ್ಸೆಲ್ ಎಂಬುದು. ಪಿಕ್ಸೆಲ್ ಎಂದರೆ ಒಂದೇ ಬಣ್ಣದ ಒಂದು ಚುಕ್ಕಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಸುಮಾರು 4000×3000 ಪಿಕ್ಸೆಲ್ ಇರುತ್ತದೆ, ಒಟ್ಟು 1.2 ಕೋಟಿ ಚುಕ್ಕಿ. ಎರಡನೆಯದು ಫೈಲಿನ ತೂಕ, ಅಂದರೆ ಆ ಚುಕ್ಕಿಗಳನ್ನು ಬರೆದಿಡಲು ಹಿಡಿದ ಜಾಗ. ಇದರ ಲೆಕ್ಕ ಕೆಬಿ, ಎಂಬಿಗಳಲ್ಲಿ. ಅಳತೆ ಇಳಿಸುವುದು ರೀಸೈಜ್, ಅಳತೆ ಮುಟ್ಟದೆ ತೂಕ ಇಳಿಸುವುದು ಕಂಪ್ರೆಸ್. ಈ ಲೇಖನದಲ್ಲಿ ಮುಂದೆ ‘ಅಳತೆ’ ಅಂದರೆ ಪಿಕ್ಸೆಲ್, ‘ತೂಕ’ ಅಂದರೆ ಕೆಬಿ.

ಹೆಚ್ಚಿನವರು ಎಡವುವುದು ಇಲ್ಲೇ. 4000 ಪಿಕ್ಸೆಲ್ ಅಗಲದ ಫೋಟೊವನ್ನು ಹಾಗೇ ಇಟ್ಟು ಕ್ವಾಲಿಟಿಯನ್ನು, ಅಂದರೆ ಎಷ್ಟು ಹಿಂಡಬೇಕೆಂದು ಹೇಳುವ ಅಂಕಿಯನ್ನು, ಮಾತ್ರ ಕೆಳಕ್ಕೆಳೆಯುತ್ತಾರೆ. ಚಿತ್ರ ಹಾಳಾಗುತ್ತದೆ, ತೂಕ ಮಾತ್ರ ಅಂದುಕೊಂಡಷ್ಟು ಇಳಿಯುವುದಿಲ್ಲ. ಮೊದಲು ಅಳತೆ ಇಳಿಸಬೇಕು, ಕಂಪ್ರೆಸ್ ಏನಿದ್ದರೂ ಆಮೇಲೆ. ಅಗಲ ಅರ್ಧವಾದರೆ ಎತ್ತರವೂ ಅರ್ಧವಾಗಿ ಚುಕ್ಕಿಗಳ ಸಂಖ್ಯೆ ನಾಲ್ಕನೇ ಒಂದಕ್ಕೆ ಬರುತ್ತದೆ. 4000×3000 ಅನ್ನು 1440×1080ಕ್ಕೆ ಇಳಿಸಿದರೆ ಉಳಿಯುವುದು ಸುಮಾರು 15.5 ಲಕ್ಷ ಚುಕ್ಕಿ, ಮೂಲದ ಎಂಟನೇ ಒಂದು ಭಾಗ. ಕ್ವಾಲಿಟಿಗೆ ಕೈ ಹಚ್ಚುವ ಮೊದಲೇ ಮುಕ್ಕಾಲು ಪಾಲು ಕೆಲಸ ಮುಗಿದಿರುತ್ತದೆ.

ಅಳತೆ ಇಳಿಸದಿರುವುದರ ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಬ್ರೌಸರ್ ಚಿತ್ರವನ್ನು ತೋರಿಸಬೇಕಾದರೆ ಅದನ್ನು ಬಿಚ್ಚಿ ಪ್ರತಿ ಚುಕ್ಕಿಗೆ 4 ಬೈಟ್‌ನಂತೆ ಮೆಮೊರಿಯಲ್ಲಿ ಹರಡಿಕೊಳ್ಳುತ್ತದೆ. 4000×3000 ಚಿತ್ರವನ್ನು ನೀವು 300 ಕೆಬಿಗೆ ಹಿಂಡಿದ್ದರೂ ಓದುಗರ ಫೋನಿನಲ್ಲಿ ಅದು ಹಿಡಿಯುವುದು 48 ಎಂಬಿ. ಅಂಥ ಹತ್ತು ಚಿತ್ರ ಒಂದೇ ಪುಟದಲ್ಲಿದ್ದರೆ ಕಡಿಮೆ ರ‍್ಯಾಮ್‌ನ ಫೋನ್ ಸ್ಕ್ರಾಲ್ ಮಾಡುವಾಗ ತಡವರಿಸುತ್ತದೆ.

ಇನ್ನು ಡಿಪಿಐ. ‘ವೆಬ್‌ಗೆ 72 ಡಿಪಿಐ ಇರಬೇಕು’ ಎಂಬ ಮಾತನ್ನು ಮರೆತುಬಿಡಿ. ಕಾಗದದ ಮೇಲೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅಚ್ಚಾಗಬೇಕು ಎಂದು ಪ್ರಿಂಟರಿಗೆ ಹೇಳುವ ಅಂಕಿ ಅದು. ಪರದೆಗೆ ಸಂಬಂಧವೇ ಇಲ್ಲ. 1200 ಪಿಕ್ಸೆಲ್ ಅಗಲದ ಚಿತ್ರದಲ್ಲಿ 72 ಅಂತಿದ್ದರೂ 300 ಅಂತಿದ್ದರೂ ಬ್ರೌಸರ್‌ನಲ್ಲಿ ಅದು 1200 ಪಿಕ್ಸೆಲ್ಲೇ.

ಏನೇನು ಬೇಕು?

ಹಣ ಕೊಟ್ಟು ಕೊಳ್ಳುವಂಥದ್ದು ಏನೂ ಇಲ್ಲ. ಒಂದೆರಡು ಚಿತ್ರಕ್ಕೆ ‘ಸ್ಕ್ವೂಶ್’ ಸಾಕು. ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಬಿಟ್ಟ ಉಚಿತ ಜಾಲತಾಣ ಇದು, ಫೋನಿನಲ್ಲೂ ನಡೆಯುತ್ತದೆ. ಚಿತ್ರ ನಿಮ್ಮ ಬ್ರೌಸರ್‌ನಲ್ಲೇ ಸಂಸ್ಕರಣೆಯಾಗುತ್ತದೆ, ಯಾವ ಸರ್ವರಿಗೂ ಹೋಗುವುದಿಲ್ಲ. ಬಣ್ಣ, ಬೆಳಕು ತಿದ್ದುವುದೂ ಇದ್ದರೆ ಕಂಪ್ಯೂಟರಿಗೆ ‘ಗಿಂಪ್’ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ರಾಶಿಗಟ್ಟಲೆ ಚಿತ್ರಗಳಿದ್ದರೆ ‘ಇರ್ಫಾನ್‌ವ್ಯೂ’ ಅಥವಾ ಮೈಕ್ರೋಸಾಫ್ಟ್‌ನ ‘ಪವರ್‌ಟಾಯ್ಸ್’. ಮ್ಯಾಕ್‌ನಲ್ಲಿ ಮೊದಲೇ ಇರುವ ‘ಪ್ರಿವ್ಯೂ’ ಸಾಕಾಗುತ್ತದೆ. ಕೆಳಗಿನ ಹಂತಗಳು ಹೆಚ್ಚಿನ ತಂತ್ರಾಂಶಗಳಿಗೆ ಹೊಂದುತ್ತವೆ, ಸ್ಕ್ವೂಶ್‌ನಲ್ಲಿ ಚಿತ್ರ ಕತ್ತರಿಸುವ ಸೌಲಭ್ಯ ಮಾತ್ರ ಇಲ್ಲ. ಗುಂಡಿಗಳ ಹೆಸರು ಹೇಳುವಲ್ಲಿ ಸ್ಕ್ವೂಶ್ ಮತ್ತು ಗಿಂಪ್ ಹಿಡಿದುಕೊಂಡಿದ್ದೇನೆ.

ಹಂತ 1: ಮೂಲ ಫೈಲ್ ಹಿಡಿಯಿರಿ, ಅದರ ನಕಲಿನ ಮೇಲೆ ಕೆಲಸ ಮಾಡಿ

ಕ್ಯಾಮೆರಾದಿಂದ ನೇರವಾಗಿ ಬಂದ ಫೈಲೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಆಗಲೇ ಒಮ್ಮೆ ಹಿಂಡಿಸಿಕೊಂಡಿರುತ್ತದೆ, ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ಕಳಿಸುವವರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಹೇಳಿದರೆ ಮೂಲ ಹಾಗೇ ಬರುತ್ತದೆ.

ಜೆಪೆಗ್ (ಫೋಟೊ ಉಳಿಸುವ ಅತಿ ಸಾಮಾನ್ಯ ಫಾರ್ಮ್ಯಾಟ್) ಫೈಲನ್ನು ತೆರೆದು ತಿದ್ದಿ ಸೇವ್ ಮಾಡಿದಾಗಲೆಲ್ಲ ಅದು ಹೊಸದಾಗಿ ಹಿಂಡಲ್ಪಟ್ಟು ಸ್ವಲ್ಪ ವಿವರ ಕಳೆದುಕೊಳ್ಳುತ್ತದೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆಸಿದ ಹಾಗೆ. ಅದಕ್ಕೇ ‘ಮೂಲ’ ಮತ್ತು ‘ವೆಬ್’ ಎಂದು ಎರಡು ಫೋಲ್ಡರ್ ಮಾಡಿಕೊಳ್ಳಿ. ಮೂಲ ಫೋಲ್ಡರಿನಲ್ಲಿ ಏನನ್ನೂ ಸೇವ್ ಮಾಡಬೇಡಿ. ತಪ್ಪಾದರೆ ಮತ್ತೆ ಮೂಲದಿಂದಲೇ ಶುರುಮಾಡಿ, ಹಾಳಾದ ಪ್ರತಿಯನ್ನು ರಿಪೇರಿ ಮಾಡಲು ಹೋಗಬೇಡಿ.

ಐಫೋನ್ ಬಳಸುವವರಿಗೆ ಒಂದು ಮಾತು. 2017ರ ಐಓಎಸ್ 11ರಿಂದ ಐಫೋನ್‌ಗಳು ಫೋಟೊವನ್ನು ‘ಹೈಕ್’ ಎಂಬ ಫಾರ್ಮ್ಯಾಟ್‌ನಲ್ಲಿ ಉಳಿಸುತ್ತವೆ. ಬಹಳಷ್ಟು ಜಾಲತಾಣಗಳು ಇದನ್ನು ಸ್ವೀಕರಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿ ಬರುತ್ತವೆ. ಈಗಾಗಲೇ ತೆಗೆದವುಗಳನ್ನು ಮ್ಯಾಕ್‌ನ ಪ್ರಿವ್ಯೂನಲ್ಲಿ ಅಥವಾ ಗಿಂಪ್‌ನಲ್ಲಿ ತೆರೆದು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ.

ಹಂತ 2: ಎಷ್ಟು ಅಗಲ ಬೇಕು ಎಂದು ಲೆಕ್ಕ ಹಾಕಿ

ಊಹೆ ಬೇಡ. ನಿಮ್ಮ ಪುಟದಲ್ಲಿ ಬರಹದ ಕಾಲಂ ಎಷ್ಟು ಅಗಲವಿದೆ ನೋಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ, ಚಿತ್ರದ ಸಾಲಿನ ಮೇಲೆ ಮೌಸ್ ಇಟ್ಟರೆ ಅದು ಎಷ್ಟು ಅಗಲದಲ್ಲಿ ಕಾಣುತ್ತಿದೆ, ಫೈಲಿನ ನಿಜವಾದ ಅಗಲ ಎಷ್ಟು ಎಂದು ಎರಡನ್ನೂ ತೋರಿಸುತ್ತದೆ. ಬ್ಲಾಗುಗಳಲ್ಲಿ ಕಾಲಂ ಸಾಮಾನ್ಯವಾಗಿ 650ರಿಂದ 800 ಪಿಕ್ಸೆಲ್ ಒಳಗಿರುತ್ತದೆ.

ಆ ಅಂಕಿಯನ್ನು 2ರಿಂದ ಗುಣಿಸಿ. ಈಗಿನ ಫೋನುಗಳಲ್ಲಿ ಪುಟದ ಲೆಕ್ಕದ ಒಂದು ಪಿಕ್ಸೆಲ್ ಜಾಗದಲ್ಲಿ ಪರದೆಯ ನಿಜವಾದ ಚುಕ್ಕಿಗಳು ಅಗಲಕ್ಕೆ ಎರಡೋ ಮೂರೋ ಇರುತ್ತವೆ. ಕಾಲಂ 720 ಇದ್ದರೆ 1440 ಪಿಕ್ಸೆಲ್ ಅಗಲದ ಚಿತ್ರ ಮಾಡಿ. ಮೂರರಿಂದ ಗುಣಿಸುವ ಗೋಜಿಗೆ ಹೋಗಬೇಡಿ. ಅಷ್ಟು ಸಣ್ಣ ಚುಕ್ಕಿಯ ವ್ಯತ್ಯಾಸ ಫೋಟೊದಲ್ಲಿ ಕಣ್ಣಿಗೆ ಗೊತ್ತಾಗುವುದಿಲ್ಲ, ತೂಕ ಮಾತ್ರ ದುಪ್ಪಟ್ಟಿಗೂ ಹೆಚ್ಚಾಗುತ್ತದೆ. ಪುಟದ ತುದಿಯಿಂದ ತುದಿಗೆ ಹರಡುವ ದೊಡ್ಡ ಚಿತ್ರವಾದರೆ 1920 ಸಾಕು. ಬರಹದ ಪಕ್ಕದ ಪುಟ್ಟ ಚಿತ್ರಕ್ಕೆ 600.

ಹಂತ 3: ಕ್ರಾಪ್ ಮೊದಲು

ಬೇಡದ ಆಕಾಶ, ಯಾರದೋ ಅರ್ಧ ಭುಜ, ರಸ್ತೆಯ ಅಂಚು ಇವನ್ನು ಈಗಲೇ ಕತ್ತರಿಸಿ. ಓದುಗರಿಗೆ ಬೇಡವಾದದ್ದಕ್ಕೆ ಕೆಬಿ ಯಾಕೆ ಖರ್ಚು ಮಾಡಬೇಕು? ರೀಸೈಜ್ ಮಾಡಿದ ಮೇಲೆ ಕ್ರಾಪ್ ಮಾಡಿದರೆ ಲೆಕ್ಕ ಹಾಕಿದ ಅಗಲ ತಪ್ಪಿಹೋಗುತ್ತದೆ. ಪಟ್ಟಿಯಲ್ಲಿ ಸಾಲಾಗಿ ಬರುವ ಚಿತ್ರಗಳಾದರೆ ಎಲ್ಲಕ್ಕೂ 4:3 ಅಥವಾ 16:9, ಯಾವುದಾದರೂ ಒಂದೇ ಅನುಪಾತ ಇಟ್ಟುಕೊಳ್ಳಿ.

ಹಂತ 4: ರೀಸೈಜ್

ಸ್ಕ್ವೂಶ್‌ನಲ್ಲಿ: ಚಿತ್ರವನ್ನು ಪುಟದ ಮೇಲೆ ಎಳೆದು ಬಿಡಿ. ಬಲಗಡೆಯ ಪಟ್ಟಿಯಲ್ಲಿ ‘ರೀಸೈಜ್’ ಎಂಬುದನ್ನು ಆನ್ ಮಾಡಿ, ವಿಡ್ತ್ ಜಾಗದಲ್ಲಿ 1440 ಬರೆಯಿರಿ. ‘ಮೇಂಟೇನ್ ಆಸ್ಪೆಕ್ಟ್ ರೇಶಿಯೊ’ಗೆ ಟಿಕ್ ಇದ್ದರೆ ಎತ್ತರ ತಾನಾಗಿ ಕೂರುತ್ತದೆ. ಮೆಥಡ್ ‘ಲ್ಯಾಂಝೋಸ್3’ ಇರಲಿ.

ಗಿಂಪ್‌ನಲ್ಲಿ: ಫೈಲ್ ತೆರೆಯುವಾಗಲೇ ಅದು ಒಂದೆರಡು ಪ್ರಶ್ನೆ ಕೇಳಬಹುದು. ‘ತಿರುಗಿಸಲೇ?’ ಅಂದರೆ ರೊಟೇಟ್, ‘ಬಣ್ಣದ ಪ್ರೊಫೈಲ್ ಬದಲಿಸಲೇ?’ ಅಂದರೆ ಕನ್ವರ್ಟ್ ಒತ್ತಿ. ಎರಡರ ಕಾರಣ 8ನೇ ಹಂತದಲ್ಲಿದೆ. ಆಮೇಲೆ ಇಮೇಜ್ ಮೆನುವಿನಲ್ಲಿ ‘ಸ್ಕೇಲ್ ಇಮೇಜ್’. ವಿಡ್ತ್ ಮತ್ತು ಹೈಟ್ ಪಕ್ಕದ ಸರಪಳಿ ಚಿಹ್ನೆ ಕೂಡಿಕೊಂಡಿರಬೇಕು. ಬಿಟ್ಟಿದ್ದರೆ ಅಗಲ ಮಾತ್ರ ಕುಗ್ಗಿ ಮನುಷ್ಯರು ಸಣಕಲಾಗುತ್ತಾರೆ, ಗೋಪುರಗಳು ತೆಳ್ಳಗಾಗುತ್ತವೆ. ಅದೇ ಮೆನುವಿನ ‘ಕ್ಯಾನ್ವಾಸ್ ಸೈಜ್’ ಬೇರೆಯೇ ಸಾಮಾನು, ಅದು ಚಿತ್ರವನ್ನು ಕುಗ್ಗಿಸುವುದಿಲ್ಲ, ಅಂಚನ್ನು ಕತ್ತರಿಸುತ್ತದೆ.

ಮೂಲವೇ 900 ಪಿಕ್ಸೆಲ್ ಇದ್ದರೆ 1440ಕ್ಕೆ ಏರಿಸಬೇಡಿ. ಕ್ಯಾಮೆರಾ ಹಿಡಿಯದ ವಿವರವನ್ನು ತಂತ್ರಾಂಶ ಊಹಿಸಿ ತುಂಬುತ್ತದೆ ಅಷ್ಟೆ. ತೂಕ ಏರುತ್ತದೆ, ಸ್ಪಷ್ಟತೆ ಏರುವುದಿಲ್ಲ. 900ರಲ್ಲೇ ಬಿಡಿ.

ಹಂತ 5: ಒಂದು ಚಿಟಿಕೆ ಶಾರ್ಪನ್

ಅಳತೆ ಇಳಿಸಿದಾಗ ಹಲವು ಚುಕ್ಕಿಗಳು ಸೇರಿ ಒಂದಾಗುತ್ತವೆ, ಹಾಗಾಗಿ ಅಂಚುಗಳು ತುಸು ಮೆತ್ತಗಾಗುತ್ತವೆ. ಗಿಂಪ್‌ನಲ್ಲಿ ಫಿಲ್ಟರ್ಸ್, ಎನ್‌ಹಾನ್ಸ್, ‘ಶಾರ್ಪನ್ (ಅನ್‌ಶಾರ್ಪ್ ಮಾಸ್ಕ್)’ ತೆರೆದು ರೇಡಿಯಸ್ 0.6ರಿಂದ 1, ಅಮೌಂಟ್ 0.3ರಿಂದ 0.5 ಇಡಿ. ನೋಡುವಾಗ ಝೂಮ್ 100%ಕ್ಕೆ ತನ್ನಿ, ಕೀಲಿಮಣೆಯಲ್ಲಿ 1 ಒತ್ತಿದರೆ ಬರುತ್ತದೆ. ಗೆರೆಗಳ ಸುತ್ತ ಬಿಳಿ ಅಂಚು ಕಂಡರೆ ಜಾಸ್ತಿಯಾಯಿತು ಎಂದರ್ಥ. ಆ ಬಿಳಿ ಅಂಚು ಕೆಟ್ಟದಾಗಿ ಕಾಣುವುದಷ್ಟೇ ಅಲ್ಲ, ಫೈಲಿನ ತೂಕವನ್ನೂ ಏರಿಸುತ್ತದೆ. ಸ್ಕ್ವೂಶ್ ಬಳಸುತ್ತಿದ್ದರೆ ಈ ಹಂತ ಬಿಟ್ಟುಬಿಡಿ, ಲ್ಯಾಂಝೋಸ್ ಅಂಚುಗಳನ್ನು ತಕ್ಕಮಟ್ಟಿಗೆ ಕಾಯುತ್ತದೆ.

ಹಂತ 6: ಫಾರ್ಮ್ಯಾಟ್ ಆರಿಸಿ

ಜೆಪೆಗ್: 1992ರ ಮಾನಕ, ಇವತ್ತಿಗೂ ಎಲ್ಲೆಡೆ ನಡೆಯುವ ನಾಣ್ಯ. ಕ್ಯಾಮೆರಾದಿಂದ ತೆಗೆದ ಫೋಟೊಗಳಿಗೆ ಮಾತ್ರ. ಪಾರದರ್ಶಕ ಹಿನ್ನೆಲೆ ಇದರಲ್ಲಿ ಉಳಿಯುವುದಿಲ್ಲ. ಲೋಗೋವನ್ನು ಜೆಪೆಗ್ ಮಾಡಿದಾಗ ಸುತ್ತ ಬಿಳಿ ಅಥವಾ ಕಪ್ಪು ಚೌಕ ಬರುವುದು ಇದೇ ಕಾರಣಕ್ಕೆ.

ಪಿಎನ್‌ಜಿ: 1996ರಿಂದ ಬಳಕೆಯಲ್ಲಿದೆ. ಒಂದು ಚುಕ್ಕಿಯನ್ನೂ ಕಳೆಯದೆ ಹಿಂಡುತ್ತದೆ. ಸ್ಕ್ರೀನ್‌ಶಾಟ್, ನಕ್ಷೆ, ಗ್ರಾಫ್, ಅಕ್ಷರವಿರುವ ಚಿತ್ರಗಳಿಗೆ ಸರಿ. ಫೋಟೊವನ್ನು ಪಿಎನ್‌ಜಿ ಮಾಡಿದರೆ ತೂಕ ಜೆಪೆಗ್‌ನ ಐದಾರು ಪಟ್ಟಾದರೂ ಅಚ್ಚರಿಯಿಲ್ಲ. ‘ಕ್ವಾಲಿಟಿ ಚೆನ್ನಾಗಿರಲಿ’ ಎಂದು ಮದುವೆ ಫೋಟೊಗಳನ್ನು ಪಿಎನ್‌ಜಿಯಲ್ಲಿ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ವೆಬ್‌ಪಿ: ಗೂಗಲ್ 2010ರಲ್ಲಿ ತಂದದ್ದು. ಅದೇ ನೋಟಕ್ಕೆ ಜೆಪೆಗ್‌ಗಿಂತ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹಗುರ. 2020ರಲ್ಲಿ ಸಫಾರಿ 14 ಕೂಡ ಒಪ್ಪಿಕೊಂಡ ಮೇಲೆ ಬ್ರೌಸರ್‌ಗಳ ಮಟ್ಟಿಗೆ ತಕರಾರಿಲ್ಲ. ನಿಮ್ಮದೇ ಜಾಲತಾಣ ಅಥವಾ ಬ್ಲಾಗ್ ಆದರೆ ನನ್ನ ಆಯ್ಕೆ ಇದೇ.

ಎವಿಐಎಫ್: ಇನ್ನೂ ಹಗುರ. ಸಫಾರಿ 16ಕ್ಕೆ ಬಂದದ್ದು 2022ರಲ್ಲಿ, ಎಡ್ಜ್‌ಗೆ 2024ರಲ್ಲಿ. ಹಳೆಯ ಫೋನುಗಳ ಓದುಗರಿಗೆ ಖಾಲಿ ಚೌಕ ಕಾಣುತ್ತದೆ. ಹಾಕುವುದಾದರೆ ಜೊತೆಗೆ ಬದಲಿಯಾಗಿ ಜೆಪೆಗ್ ಇರಲೇಬೇಕು. ಹಾಗೆ ಮಾಡಲು ಬಾರದವರು ವೆಬ್‌ಪಿಯಲ್ಲೇ ನಿಲ್ಲುವುದು ಕ್ಷೇಮ.

ಲೋಗೋದ ಎಸ್‌ವಿಜಿ ಫೈಲ್ ಇದ್ದರೆ ಅದನ್ನೇ ಬಳಸಿ. ಅದರಲ್ಲಿ ಚುಕ್ಕಿಗಳಿಲ್ಲ, ಗೆರೆಗಳ ವಿವರಣೆ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಕುಣಿಯುವ ಜಿಫ್ ಹಾಕುವ ಆಸೆಯಾದರೆ ಅದನ್ನು ಸಣ್ಣ ಎಂಪಿ4 ವಿಡಿಯೊ ಮಾಡಿ ಹಾಕಿ. ಜಿಫ್‌ಗೆ 256 ಬಣ್ಣವೇ ಗತಿ, ತೂಕವೋ ಎಂಬಿಗಳಲ್ಲಿ.

ಹಂತ 7: ಕ್ವಾಲಿಟಿ ಎಷ್ಟಿರಲಿ?

ಜೆಪೆಗ್‌ನಲ್ಲಿ ಕಾಣುವ 0ಯಿಂದ 100ರ ಅಂಕಿ ಶೇಕಡಾವಾರು ಅಲ್ಲ. 80 ಅಂದರೆ ‘80% ಗುಣಮಟ್ಟ ಉಳಿಯಿತು’ ಅಂತಲ್ಲ. ಜೆಪೆಗ್ ಚಿತ್ರವನ್ನು 8×8 ಚುಕ್ಕಿಗಳ ಪುಟ್ಟ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ಬೀಳದ ಸೂಕ್ಷ್ಮ ಏರಿಳಿತಗಳನ್ನು ಒರಟು ಮಾಡುತ್ತದೆ. ಎಷ್ಟು ಒರಟು ಎಂಬುದನ್ನು ಆ ಅಂಕಿ ಹೇಳುತ್ತದೆ. ಒಂದು ತಂತ್ರಾಂಶದ 80, ಇನ್ನೊಂದರ 80 ಒಂದೇ ಆಗಬೇಕಿಲ್ಲ.

ಶುರುಮಾಡಲು ಜೆಪೆಗ್‌ಗೆ 78, ವೆಬ್‌ಪಿಗೆ 75, ಎವಿಐಎಫ್‌ಗೆ 50ರ ಆಸುಪಾಸು ಇಡಿ. 90ರಿಂದ 100ಕ್ಕೆ ಹೋದರೆ ತೂಕ ದುಪ್ಪಟ್ಟಾಗುತ್ತದೆ, ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. 60ರ ಕೆಳಗೆ ಇಳಿದರೆ ಆ 8×8 ಚೌಕಗಳು ಬಯಲಿಗೆ ಬರುತ್ತವೆ. ಮೊದಲು ಹಾಳಾಗುವುದು ಬಣ್ಣ ನಿಧಾನವಾಗಿ ಬದಲಾಗುವ ಜಾಗ: ಸಂಜೆಯ ಆಕಾಶ, ಖಾಲಿ ಗೋಡೆ, ಮಗುವಿನ ಕೆನ್ನೆ.

ಸ್ಕ್ವೂಶ್‌ನಲ್ಲಿ ‘ಕಂಪ್ರೆಸ್’ ಕೆಳಗೆ ‘ಮೋಜ್‌ಜೆಪೆಗ್’ (ಇದು ಜೆಪೆಗ್ಗೇ) ಅಥವಾ ‘ವೆಬ್‌ಪಿ’ ಆರಿಸಿ, ಕ್ವಾಲಿಟಿಯ ಗುಂಡಿಯನ್ನು ಎಳೆಯಿರಿ. ಚಿತ್ರದ ನಡುವಿನ ಗೆರೆಯ ಎಡಕ್ಕೆ ಮೂಲ, ಬಲಕ್ಕೆ ಹಿಂಡಿದ್ದು ಕಾಣುತ್ತದೆ. ಕೆಳಗೆ ಹೊಸ ತೂಕ ಮತ್ತು ಎಷ್ಟು ಕಡಿಮೆಯಾಯಿತು ಎಂಬುದು. ಗೆರೆಯನ್ನು ಮುಖದ ಮೇಲೆ, ಆಮೇಲೆ ಆಕಾಶದ ಮೇಲೆ ತಂದು ನೋಡಿ. ಆ ಎರಡು ಕಡೆ ಸರಿಯಿದ್ದರೆ ಉಳಿದೆಡೆ ಸರಿಯಿರುತ್ತದೆ. ಝೂಮ್ ಮಾತ್ರ 100% ಇರಲಿ. 400%ಕ್ಕೆ ಹಿಗ್ಗಿಸಿ ತಪ್ಪು ಹುಡುಕಿದರೆ ಯಾವ ಚಿತ್ರವೂ ಪಾಸಾಗುವುದಿಲ್ಲ, ಓದುಗರು ಹಾಗೆ ನೋಡುವುದೂ ಇಲ್ಲ.

ಗಿಂಪ್‌ನಲ್ಲಿ ‘ಸೇವ್’ ಒತ್ತಿದರೆ ಎಕ್ಸ್‌ಸಿಎಫ್ ಎಂಬ ಅದರದೇ ಫೈಲ್ ಆಗುತ್ತದೆ, ಅದು ವೆಬ್‌ಗೆ ನಡೆಯದು. ‘ಎಕ್ಸ್‌ಪೋರ್ಟ್ ಆ್ಯಸ್’ ಒತ್ತಿ, ಹೆಸರಿನ ಕೊನೆಗೆ ಜೆಪೆಗ್ ಅಥವಾ ವೆಬ್‌ಪಿಯ ಬಾಲಂಗೋಚಿ ಸೇರಿಸಿ. ಜೆಪೆಗ್‌ನಲ್ಲಿ ‘ಶೋ ಪ್ರಿವ್ಯೂ ಇನ್ ಇಮೇಜ್ ವಿಂಡೋ’ಗೆ ಟಿಕ್ ಹಾಕಿದರೆ ಗುಂಡಿ ಎಳೆದಂತೆ ತೂಕ ಬದಲಾಗುವುದು ಕಾಣುತ್ತದೆ. ‘ಪ್ರೊಗ್ರೆಸಿವ್’ ಆನ್ ಇರಲಿ. ನಿಧಾನದ ಸಂಪರ್ಕದಲ್ಲಿ ಚಿತ್ರ ಮೇಲಿಂದ ಕೆಳಕ್ಕೆ ಇಳಿಯುವ ಬದಲು ಮೊದಲು ಮಬ್ಬಾಗಿ ಪೂರ್ತಿ ಕಂಡು ಆಮೇಲೆ ಸ್ಪಷ್ಟವಾಗುತ್ತದೆ.

1440×1080 ಫೋಟೊ ಜೆಪೆಗ್‌ನಲ್ಲಿ 200ರಿಂದ 400 ಕೆಬಿ, ವೆಬ್‌ಪಿಯಲ್ಲಿ 150ರಿಂದ 280 ಕೆಬಿ ಬಂದರೆ ದಾರಿ ಸರಿಯಿದೆ. ಎಲ್ಲ ಫೋಟೊಗೂ ಒಂದೇ ಕೆಬಿ ನಿರೀಕ್ಷಿಸಬೇಡಿ. ಬೋಳು ಆಕಾಶದ ಎದುರಿನ ಕಲ್ಲಿನ ರಥ 150ರಲ್ಲಿ ಮುಗಿದೀತು, ಮಲೆನಾಡಿನ ಎಲೆ ಎಲೆ ಕಾಣುವ ಕಾಡು ಅದೇ ಕ್ವಾಲಿಟಿಯಲ್ಲಿ 450 ದಾಟೀತು. ಎಲೆ, ಹುಲ್ಲು, ಜಲಪಾತದ ತುಂತುರು, ರಾತ್ರಿ ಫೋಟೊದ ಕಾಳುಕಾಳು ನಾಯ್ಸ್ ಇವೆಲ್ಲ ತೂಕದ ಗಿರಾಕಿಗಳು. ಅಂಥ ಚಿತ್ರದಲ್ಲಿ ಕ್ವಾಲಿಟಿಯನ್ನು 68–70ಕ್ಕೆ ಇಳಿಸಬಹುದು, ಗಿಜಿಗಿಜಿಯಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ. ರಾತ್ರಿ ಫೋಟೊಗೆ ಹಿಂಡುವ ಮೊದಲೇ ನಾಯ್ಸ್ ತೆಗೆದರೆ ಒಳ್ಳೆಯದು.

ಹಂತ 8: ಫೈಲಿನೊಳಗಿನ ಗುಟ್ಟು ತೆಗೆಯಿರಿ, ಆದರೆ ಎಚ್ಚರದಿಂದ

ಪ್ರತಿ ಫೋಟೊದೊಳಗೆ ‘ಎಕ್ಸಿಫ್’ ಎಂಬ ಮಾಹಿತಿಯ ಚೀಟಿ ಇರುತ್ತದೆ. ಫೋನ್ ಮಾದರಿ, ತೆಗೆದ ಹೊತ್ತು, ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ. ಮನೆಯ ಹಿತ್ತಲಿನ ಮಲ್ಲಿಗೆ ಬಳ್ಳಿಯ ಫೋಟೊದ ಜೊತೆ ಮನೆಯ ವಿಳಾಸವನ್ನೂ ಲೋಕಕ್ಕೆ ಹಂಚಿದಂತೆ. ವೆಬ್‌ಗೆ ಹಾಕುವ ಮುನ್ನ ಇದನ್ನು ತೆಗೆಯಲೇಬೇಕು. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ‘ಸೇವ್ ಎಕ್ಸಿಫ್ ಡೇಟಾ’ ಟಿಕ್ ತೆಗೆಯಿರಿ. ಸ್ಕ್ವೂಶ್‌ನಿಂದ ಹೊರಬರುವ ಫೈಲಿನಲ್ಲಿ ಈ ಚೀಟಿ ಇರುವುದಿಲ್ಲ.

ಆದರೆ ಇದೇ ಚೀಟಿಯಲ್ಲಿ ‘ಈ ಫೋಟೊವನ್ನು 90 ಡಿಗ್ರಿ ತಿರುಗಿಸಿ ತೋರಿಸು’ ಎಂಬ ಸೂಚನೆಯೂ ಇರುತ್ತದೆ. ಫೋನ್ ನೆಟ್ಟಗೆ ಹಿಡಿದು ತೆಗೆದರೂ ಬಹಳಷ್ಟು ಫೋನುಗಳು ಚಿತ್ರವನ್ನು ಅಡ್ಡವಾಗೇ ಬರೆದು, ತಿರುಗಿಸುವ ಸೂಚನೆ ಸೇರಿಸುತ್ತವೆ. ಚೀಟಿ ಕಿತ್ತಾಗ ಸೂಚನೆಯೂ ಹೋಗಿ ಅಜ್ಜಿ ಅಡ್ಡ ಮಲಗುತ್ತಾರೆ. ಅದಕ್ಕೇ ಗಿಂಪ್ ಕೇಳಿದಾಗ ‘ರೊಟೇಟ್’ ಒತ್ತಲು ಹೇಳಿದ್ದು. ಚುಕ್ಕಿಗಳೇ ತಿರುಗಿ ಕೂತ ಮೇಲೆ ಚೀಟಿ ಇದ್ದರೂ ಒಂದೇ, ಹೋದರೂ ಒಂದೇ.

ಬಣ್ಣದ ಪ್ರೊಫೈಲ್ ಕೂಡ ಹಾಗೆಯೇ. ಐಫೋನ್ 7ರಿಂದೀಚಿನ ಐಫೋನ್‌ಗಳು ‘ಡಿಸ್‌ಪ್ಲೇ ಪಿ3’ ಎಂಬ ಹೆಚ್ಚು ವಿಸ್ತಾರದ ಬಣ್ಣದ ಲೆಕ್ಕದಲ್ಲಿ ಬರೆಯುತ್ತವೆ. ವೆಬ್‌ನ ರೂಢಿ ‘ಎಸ್‌ಆರ್‌ಜಿಬಿ’. ಪ್ರೊಫೈಲನ್ನು ಬದಲಿಸದೆ ಸುಮ್ಮನೆ ಕಿತ್ತರೆ ಕುಂಕುಮದ ಕೆಂಪು ಬಿಸಿಲಿಗೆ ಬಿಟ್ಟ ಬಟ್ಟೆಯಂತೆ ಕಳೆಗುಂದುತ್ತದೆ. ಮೊದಲು ಎಸ್‌ಆರ್‌ಜಿಬಿಗೆ ಕನ್ವರ್ಟ್, ಆಮೇಲೆ ತೆಗೆಯುವುದು.

ಹಂತ 9: ಹೆಸರಿಟ್ಟು ಏರಿಸಿ

ಫೈಲಿನ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಇಡಿ, ಪದಗಳ ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ. ಕನ್ನಡದಲ್ಲಿ ಹೆಸರಿಟ್ಟರೆ ಫೈಲ್ ಕೆಲಸ ಮಾಡುತ್ತದೆ, ಕೊಂಡಿ ಮಾತ್ರ ಭೂತಾಕಾರ. ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಕೊಂಡಿಯಲ್ಲಿ ಪ್ರತಿ ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ‘ಹಂಪಿ’ ಎಂಬ ಪುಟ್ಟ ಪದದಲ್ಲಿ ಹ, ಸೊನ್ನೆ, ಪ, ಗುಡಿಸು ಎಂದು ನಾಲ್ಕು ಸಂಕೇತ, ಕೊಂಡಿಯಲ್ಲಿ ಅದು 36 ಅಕ್ಷರವಾಗಿ ಉದ್ದವಾಗುತ್ತದೆ. ಕನ್ನಡ ಬರೆಯಬೇಕಾದ ಜಾಗ ‘ಆಲ್ಟ್ ಟೆಕ್ಸ್ಟ್’, ಅಂದರೆ ಚಿತ್ರ ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ. ‘ಫೋಟೊ 1’ ಅಂತಲ್ಲ, ‘ಹಂಪಿಯ ವಿಠ್ಠಲ ದೇವಾಲಯದ ಎದುರಿನ ಕಲ್ಲಿನ ರಥ’ ಎಂದು.

ಎಚ್‌ಟಿಎಂಎಲ್ ಕೈಯಾರೆ ಬರೆಯುವವರು ಚಿತ್ರದ ಟ್ಯಾಗ್‌ನಲ್ಲಿ ವಿಡ್ತ್, ಹೈಟ್ ಎರಡನ್ನೂ ಕೊಡಿ. ಇಲ್ಲದಿದ್ದರೆ ಚಿತ್ರ ಬಂದು ಕೂರುವಾಗ ಓದುತ್ತಿದ್ದ ಸಾಲು ಧಡಕ್ಕನೆ ಕೆಳಗೆ ಜಾರುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಅಂದರೆ ಓದುಗರು ಹತ್ತಿರ ಬಂದಾಗ ಮಾತ್ರ ಇಳಿಯಲಿ. ಪುಟದ ತಲೆಯಲ್ಲಿರುವ ಮೊದಲ ಚಿತ್ರಕ್ಕೆ ಮಾತ್ರ ಹಾಕಬೇಡಿ, ಅದು ಇನ್ನಷ್ಟು ತಡವಾಗುತ್ತದೆ.

ಬ್ಲಾಗ್ ನಡೆಸಲು ವರ್ಡ್‌ಪ್ರೆಸ್ ಬಳಸುವವರು ‘ಅದೇ ಚಿಕ್ಕದು ಮಾಡಿಕೊಳ್ಳುತ್ತದಲ್ಲ’ ಎನ್ನುತ್ತಾರೆ. ನಿಜ, 2019ರ 5.3ನೇ ಆವೃತ್ತಿಯಿಂದ 2560 ಪಿಕ್ಸೆಲ್ ಮೀರಿದ ಚಿತ್ರವನ್ನು ಅದು ಇಳಿಸಿಕೊಳ್ಳುತ್ತದೆ, ಹಲವು ಅಳತೆಯ ಪ್ರತಿಗಳನ್ನೂ ಮಾಡಿ ಪರದೆಗೆ ತಕ್ಕದ್ದನ್ನು ಕಳಿಸುತ್ತದೆ. ಆದರೆ ನಿಮ್ಮ 5 ಎಂಬಿ ಮೂಲವೂ ಸರ್ವರಿನಲ್ಲಿ ಉಳಿಯುತ್ತದೆ. ವರ್ಷದಲ್ಲಿ ಹೋಸ್ಟಿಂಗ್ ಜಾಗ ತುಂಬುವುದು ಇದರಿಂದಲೇ.

ಕನ್ನಡ ಅಕ್ಷರವಿರುವ ಚಿತ್ರಗಳು

ಇವಕ್ಕೆ ಮೇಲಿನ ನಿಯಮ ಹಾಗೇ ನಡೆಯುವುದಿಲ್ಲ. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರದ ನವೆಂಬರ್ 1ರ ಪೋಸ್ಟರ್ ತೆಗೆದುಕೊಳ್ಳಿ. ಜೆಪೆಗ್ ಮಾಡಿದ ಕೂಡಲೇ ಅಕ್ಷರದ ಅಂಚಿನಲ್ಲಿ ಕಿತ್ತಳೆ, ಕಂದು ಬಣ್ಣದ ಕೊಳೆ ಕೂರುತ್ತದೆ. ಕಾರಣ ಎರಡು. ಒಂದು, ಜೆಪೆಗ್ ಬೆಳಕಿನ ಏರಿಳಿತವನ್ನು ಪ್ರತಿ ಚುಕ್ಕಿಗೂ ಬರೆದಿಟ್ಟರೂ ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೊಂದರಂತೆ ಬರೆಯುತ್ತದೆ. ಇದನ್ನು 4:2:0 ಎನ್ನುತ್ತಾರೆ. ಕೆಂಪು ಹಳದಿಗೆ, ಹಳದಿ ಕೆಂಪಿಗೆ ಸೋರುತ್ತದೆ. ಎರಡು, ‘ರಾಜ್ಯೋತ್ಸವ’ದ ಯ ಒತ್ತು, ಸ ಒತ್ತು ಚಿತ್ರ ಇಳಿಸಿದ ಮೇಲೆ ಎಂಟು ಹತ್ತು ಚುಕ್ಕಿ ಎತ್ತರ ಉಳಿದರೆ ಹೆಚ್ಚು. ಇಡೀ ಒತ್ತಕ್ಷರ ಒಂದೆರಡು 8×8 ಚೌಕದೊಳಗೆ ಸಿಕ್ಕಿಬೀಳುತ್ತದೆ. ಇಂಗ್ಲಿಷ್ ಅಕ್ಷರ ಅಷ್ಟು ಹಿಂಡಿದರೂ ಓದಬಹುದು, ನಮ್ಮ ಒತ್ತಕ್ಷರ ಕಲೆಯಾಗುತ್ತದೆ.

ಪರಿಹಾರ ಪಿಎನ್‌ಜಿ. ಬಣ್ಣಗಳು ಕಡಿಮೆಯಿರುವ ಪೋಸ್ಟರ್ ಆದರೆ ಗಿಂಪ್‌ನಲ್ಲಿ ಇಮೇಜ್, ಮೋಡ್, ‘ಇಂಡೆಕ್ಸ್‌ಡ್’ ಒತ್ತಿ 256 ಬಣ್ಣಕ್ಕೆ ಇಳಿಸಿ ಎಕ್ಸ್‌ಪೋರ್ಟ್ ಮಾಡಿದರೆ ತೂಕ ಬಹಳ ಇಳಿಯುತ್ತದೆ, ಅಂಚು ಚೂಪಾಗೇ ಉಳಿಯುತ್ತದೆ. ಫೋಟೊ, ಅಕ್ಷರ ಎರಡೂ ಬೆರೆತಿದ್ದು ಜೆಪೆಗ್ಗೇ ಆಗಬೇಕೆಂದರೆ ‘ಸಬ್‌ಸ್ಯಾಂಪ್ಲಿಂಗ್’ ಎಂಬಲ್ಲಿ 4:4:4 (ಬಣ್ಣವನ್ನೂ ಪ್ರತಿ ಚುಕ್ಕಿಗೂ ಬರೆಯುವ ರೀತಿ) ಆರಿಸಿ, ಕ್ವಾಲಿಟಿ 88–90 ಇಡಿ. ವೆಬ್‌ಪಿಯ ಮಾಮೂಲಿ ರೀತಿಯಲ್ಲಿ 4:2:0 ಬಿಟ್ಟು ಬೇರೆ ಆಯ್ಕೆಯಿಲ್ಲ, ಅಲ್ಲಿ ‘ಲಾಸ್‌ಲೆಸ್’ (ಏನನ್ನೂ ಕಳೆಯದೆ ಹಿಂಡುವ ರೀತಿ) ಟಿಕ್ ಹಾಕಬೇಕು.

ಸ್ಕ್ರೀನ್‌ಶಾಟ್‌ಗಳನ್ನು ರೀಸೈಜ್ ಮಾಡುವುದಕ್ಕಿಂತ ಕ್ರಾಪ್ ಮಾಡುವುದು ಮೇಲು. ಫೋನಿನ ಇಡೀ ಪರದೆ ಬೇಕಿಲ್ಲ, ಹೇಳಬೇಕಾದ ಭಾಗ ಸಾಕು.

ನೂರಾರು ಚಿತ್ರ ಒಟ್ಟಿಗೆ

ಇರ್ಫಾನ್‌ವ್ಯೂ ತೆರೆದು ಬಿ ಕೀಲಿ ಒತ್ತಿ. ಬ್ಯಾಚ್ ಕನ್ವರ್ಶನ್ ಕಿಟಕಿಯಲ್ಲಿ ಫೈಲುಗಳನ್ನು ಸೇರಿಸಿ, ಅಡ್ವಾನ್ಸ್‌ಡ್ ಆಯ್ಕೆಯೊಳಗೆ ‘ಲಾಂಗ್ ಸೈಡ್’ 1440 ಎಂದು ಕೊಡಿ. ಅಗಲ ಕೊಡುವುದಕ್ಕಿಂತ ಇದು ಸರಿ, ಅಡ್ಡ ಮತ್ತು ಉದ್ದ ಫೋಟೊಗಳು ಬೆರೆತಿದ್ದರೂ ಹದ ತಪ್ಪುವುದಿಲ್ಲ. ಚಿಕ್ಕವನ್ನು ಹಿಗ್ಗಿಸಬೇಡ ಎಂಬ ಟಿಕ್ ಇರಲಿ. ಔಟ್‌ಪುಟ್ ಫೋಲ್ಡರ್ ಬೇರೆಯೇ ಇದೆಯೇ ಎಂದು ಎರಡು ಸಲ ನೋಡಿ. ಅದೇ ಫೋಲ್ಡರ್ ಕೊಟ್ಟು ಓವರ್‌ರೈಟ್ ಆದರೆ ಮೂಲಗಳು ಮತ್ತೆ ಸಿಗುವುದಿಲ್ಲ. ಪವರ್‌ಟಾಯ್ಸ್ ಹಾಕಿಕೊಂಡವರಿಗೆ ಇನ್ನೂ ಸುಲಭ: ಫೈಲುಗಳನ್ನು ಆರಿಸಿ, ಬಲ ಕ್ಲಿಕ್, ‘ಇಮೇಜ್ ರೀಸೈಜರ್’. ಮೊದಲು ಐದು ಚಿತ್ರಕ್ಕೆ ಓಡಿಸಿ ನೋಡಿ, ಸರಿ ಎನಿಸಿದ ಮೇಲೆ ಉಳಿದವು.

ಅರ್ಜಿ ಫಾರಂನ ಫೋಟೊ, ಸಹಿ

ಇಲ್ಲಿ ನಿಮ್ಮ ಅಭಿರುಚಿಗೆ ಜಾಗವಿಲ್ಲ, ಅಧಿಸೂಚನೆ ಹೇಳಿದ್ದೇ ನಿಯಮ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗಳಲ್ಲಿ ಫೋಟೊ 200×230 ಪಿಕ್ಸೆಲ್, 20ರಿಂದ 50 ಕೆಬಿ, ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ ಎಂದಿರುತ್ತದೆ. ಅಮೆರಿಕದ ವೀಸಾ ಅರ್ಜಿಗೆ ಚೌಕ ಚಿತ್ರ, 600×600ರಿಂದ 1200×1200ರೊಳಗೆ, 240 ಕೆಬಿ ಮೀರದ ಜೆಪೆಗ್. ಪ್ರತಿ ಸಲ ಆ ಸಲದ ಸೂಚನೆಯನ್ನೇ ಓದಿ.

ಕ್ರಮ ಇಷ್ಟು: ಮೊದಲು 200:230 ಅನುಪಾತದಲ್ಲಿ ಕ್ರಾಪ್, ಆಮೇಲೆ 200 ಅಗಲಕ್ಕೆ ರೀಸೈಜ್, ಕೊನೆಗೆ ಕ್ವಾಲಿಟಿ ಎಳೆದು ಕೆಬಿ ಹೊಂದಿಸುವುದು. ಕ್ರಾಪ್ ಮಾಡದೆ ಸರಪಳಿ ಬಿಚ್ಚಿ 200, 230 ಎಂದು ತುಂಬಿದರೆ ಮುಖ ಅಗಲವಾಗಿ ಫೋಟೊ ತಿರಸ್ಕೃತವಾದೀತು. 200×230ರಂಥ ಪುಟ್ಟ ಚಿತ್ರದಲ್ಲಿ ಕಷ್ಟ ತಿರುಗುಮುರುಗು: ಕ್ವಾಲಿಟಿ 80ರಲ್ಲಿ ತೂಕ 12–15 ಕೆಬಿಗೇ ಇಳಿದು ‘ಕನಿಷ್ಠ 20 ಕೆಬಿ ಇರಬೇಕು’ ಎಂದು ಫಾರಂ ತಳ್ಳುತ್ತದೆ. ಆಗ ಕ್ವಾಲಿಟಿಯನ್ನು 92–95ಕ್ಕೆ ಏರಿಸಿ, ಅಷ್ಟೆ.

ಸಹಿಯನ್ನು ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮಾಡಿ, ಹಗಲು ಬೆಳಕಲ್ಲಿ ಕೈ ನೆರಳು ಬೀಳದಂತೆ ತೆಗೆದು, ಸಹಿಗೆ ಅಂಟಿಕೊಂಡಂತೆ ಕ್ರಾಪ್ ಮಾಡಿ. ಸುತ್ತ ಹಾಳೆ ಉಳಿದರೆ 140×60ರಲ್ಲಿ ಸಹಿ ಇರುವೆ ಸಾಲಾಗುತ್ತದೆ.

ಪಿಎನ್‌ಜಿ ಫೈಲಿನ ಹೆಸರಿನ ಬಾಲವನ್ನು ಮಾತ್ರ ಜೆಪೆಗ್ ಎಂದು ತಿದ್ದಿದರೆ ಅದು ಜೆಪೆಗ್ ಆಗುವುದಿಲ್ಲ. ಫಾರಂ ಒಳಗಿನದನ್ನು ಓದಿ ‘ತಪ್ಪು ಫೈಲ್’ ಎನ್ನುತ್ತದೆ. ಎಕ್ಸ್‌ಪೋರ್ಟ್ ಮಾಡಿಯೇ ಬದಲಿಸಬೇಕು. ಇನ್ನು ‘ಒಂದೇ ಕ್ಲಿಕ್‌ನಲ್ಲಿ 50 ಕೆಬಿ’ ಎಂದು ಕರೆಯುವ ಗುರುತಿಲ್ಲದ ತಾಣಗಳಿಗೆ ಸಹಿಯನ್ನೋ ಆಧಾರ್ ಪ್ರತಿಯನ್ನೋ ಏರಿಸಬೇಡಿ. ಅವು ಯಾರದೋ ಸರ್ವರಿಗೆ ಹೋಗುತ್ತವೆ, ಅಳಿಸಿದರೋ ಇಟ್ಟುಕೊಂಡರೋ ತಿಳಿಯುವ ದಾರಿ ನಿಮಗಿಲ್ಲ.

ಏರಿಸಿದ ಮೇಲೂ ಸರಿಯಿಲ್ಲವೇ?

ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದು ಪುಟದಲ್ಲಿ ಮಸುಕಾಗಿದ್ದರೆ ಪುಟ ಚಿಕ್ಕ ಪ್ರತಿಯನ್ನು ಹಿಗ್ಗಿಸಿ ತೋರಿಸುತ್ತಿದೆ. ವರ್ಡ್‌ಪ್ರೆಸ್‌ನಲ್ಲಿ ಸೇರಿಸುವಾಗ ‘ಮೀಡಿಯಂ’ ಆರಿಸಿರುತ್ತೀರಿ, ಅದರ ಮಿತಿ 300 ಪಿಕ್ಸೆಲ್. ‘ಲಾರ್ಜ್’ ಅಥವಾ ‘ಫುಲ್’ ಕೊಡಿ. ರೀಸೈಜ್ ಮಾಡಿದ ಮೇಲೆ ತೂಕ ಇಳಿಯುವ ಬದಲು ಏರಿದ್ದರೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕ್ವಾಲಿಟಿ 100 ಇದೆಯೇ, ಗೊತ್ತಿಲ್ಲದೆ ಪಿಎನ್‌ಜಿ ಆಗಿದೆಯೇ ನೋಡಿ. ಹಳೆಯ ಚಿತ್ರದ ಜಾಗದಲ್ಲಿ ಅದೇ ಹೆಸರಿನ ಹೊಸದನ್ನು ಏರಿಸಿದಾಗ ಓದುಗರ ಬ್ರೌಸರ್ ತಾನು ಹಿಂದೆ ಎತ್ತಿಟ್ಟುಕೊಂಡ ಪ್ರತಿಯನ್ನೇ ಕೆಲವು ದಿನ ತೋರಿಸುತ್ತಿರಬಹುದು. ಹೊಸ ಫೈಲಿಗೆ ಹೆಸರಿನ ಕೊನೆಯಲ್ಲಿ 2 ಸೇರಿಸಿ ಏರಿಸಿ, ಪುಟದಲ್ಲಿ ಕೊಂಡಿಯನ್ನೂ ತಿದ್ದಿ.